ದೊಡ್ಡ ಏರ್ ಕೂಲರ್ ಜೋಡಣೆ: ಮೊದಲು ಅಳತೆ, ಆಮೇಲೆ ಸ್ಕ್ರೂಡ್ರೈವರ್

ಡೆಸ್ಕ್‌ಟಾಪ್ ಕಂಪ್ಯೂಟರಿನ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಪೆಟ್ಟಿಗೆಯನ್ನು ಕ್ಯಾಬಿನೆಟ್ ಎಂದೂ, ಮದರ್‌ಬೋರ್ಡಿನ ಮೇಲೆ ಕೂರುವ ಸಣ್ಣ ಚೌಕದ ಚಿಪ್ ಅನ್ನು ಪ್ರೊಸೆಸರ್ ಎಂದೂ ಕರೆಯುತ್ತೇನೆ. ಎಎಂಡಿ ಕಂಪನಿಯ ರೈಜನ್ 7 7700ಎಕ್ಸ್ ಎಂಬ ಪ್ರೊಸೆಸರ್ ಉದ್ದದಲ್ಲೂ ಅಗಲದಲ್ಲೂ ನಾಲ್ಕು ಸೆಂಟಿಮೀಟರ್ ಮಾತ್ರ ಇದೆ. ಆದರೆ ಪೂರ್ತಿ ಕೆಲಸಕ್ಕೆ ಹಚ್ಚಿದಾಗ ಅದು 142 ವಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ, ಎಳೆದದ್ದೆಲ್ಲ ಶಾಖವಾಗಿಯೇ ಹೊರಬರುತ್ತದೆ. ಇದರ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಬೇರೆಯಾಗಿಯೇ ಕೊಳ್ಳಬೇಕು. ಹಾಗೆ ಕೊಳ್ಳುವವರಲ್ಲಿ ಅನೇಕರು ಎರಡು ಗೋಪುರದ ದೊಡ್ಡ ಏರ್ ಕೂಲರ್ ಆರಿಸಿಕೊಳ್ಳುತ್ತಾರೆ. ಅದು ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಅದರಲ್ಲಿ ಕೆಡಬಹುದಾದದ್ದು ಫ್ಯಾನ್ ಒಂದೇ, ಅದನ್ನೂ ಸುಲಭವಾಗಿ ಬದಲಿಸಬಹುದು.

ಇಂಥ ಕೂಲರಿನ ತಳದಲ್ಲಿ ತಾಮ್ರದ ದಪ್ಪ ಬಿಲ್ಲೆ, ಅದರಿಂದ ಮೇಲೇಳುವ ತಾಮ್ರದ ಕೊಳವೆಗಳು, ಆ ಕೊಳವೆಗಳಿಗೆ ಪೋಣಿಸಿದ ಅಲ್ಯೂಮಿನಿಯಂ ತಗಡುಗಳ ಎರಡು ಗೋಪುರಗಳು ಇರುತ್ತವೆ. ಹೀಟ್ ಪೈಪ್ ಎಂದು ಕರೆಯುವ ಈ ಕೊಳವೆಗಳು ಬರೀ ತಾಮ್ರದ ಕಂಬಿಗಳಲ್ಲ. ಗಾಳಿ ತೆಗೆದು ಮುಚ್ಚಿದ ಅವುಗಳೊಳಗೆ ಸ್ವಲ್ಪ ದ್ರವವಿರುತ್ತದೆ. ಬಿಸಿಯಾದ ತಳದಲ್ಲಿ ಅದು ಹಬೆಯಾಗಿ ಮೇಲೇರಿ, ತಗಡುಗಳ ಬಳಿ ತಣಿದು, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ ಹನಿಯಾಗಿ, ಕೊಳವೆಯ ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರದ ಮೂಲಕ ಮತ್ತೆ ತಳಕ್ಕೆ ಹರಿಯುತ್ತದೆ. ಫ್ಯಾನಿನ ಕೆಲಸ ತಗಡುಗಳ ನಡುವಿನ ಬಿಸಿಯನ್ನು ಹೊರಗಟ್ಟುವುದು.

ಅಳತೆಯ ಲೆಕ್ಕ

ಈ ಕೆಲಸದಲ್ಲಿ ಸೋಲುವವರು ಹೆಚ್ಚಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಸೋತಿರುತ್ತಾರೆ. ಕೂಲರಿನ ಎತ್ತರ ಮತ್ತು ಕ್ಯಾಬಿನೆಟ್ಟಿಗೆ ಹಿಡಿಸುವ ಕೂಲರಿನ ಗರಿಷ್ಠ ಎತ್ತರ, ಇವೆರಡನ್ನೂ ತಯಾರಕರು ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ. ನಾನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಆಸ್ಟ್ರಿಯಾದ ನಾಕ್ಟುವಾ ಕಂಪನಿಯು 2014ರಲ್ಲಿ ತಂದ ಎನ್‌ಎಚ್-ಡಿ15 ಕೂಲರ್ ಮತ್ತು ಕೋರ್ಸೇರ್ 4000ಡಿ ಏರ್‌ಫ್ಲೋ ಕ್ಯಾಬಿನೆಟ್. ಕೂಲರಿನ ಎತ್ತರ 165 ಮಿ.ಮೀ., ಎರಡು ಫ್ಯಾನ್ ಸೇರಿ ತೂಕ 1,320 ಗ್ರಾಂ. ಕ್ಯಾಬಿನೆಟ್ಟಿಗೆ ಹಿಡಿಸುವ ಎತ್ತರ 170 ಮಿ.ಮೀ. ಐದು ಮಿಲಿಮೀಟರ್ ಉಳಿಯಿತಲ್ಲ, ಸಾಕು ಎಂದು ಇಲ್ಲಿಗೇ ಲೆಕ್ಕ ನಿಲ್ಲಿಸಿದರೆ ಮೋಸ ಹೋಗುತ್ತೀರಿ.

ಏಕೆಂದರೆ ಕೂಲರಿನ ಮುಂದಿನ ಫ್ಯಾನ್ ರ್‍ಯಾಮ್ ಪಟ್ಟಿಗಳ ಮೇಲೆ ಚಾಚಿಕೊಂಡಿರುತ್ತದೆ. ಆ ಫ್ಯಾನ್ ತನ್ನ ಸರಿಯಾದ ಜಾಗದಲ್ಲಿದ್ದಾಗ ಅದರ ಕೆಳಗೆ ಉಳಿಯುವುದು 32 ಮಿ.ಮೀ. ಅಲಂಕಾರವಿಲ್ಲದ ಸಾಧಾರಣ ರ್‍ಯಾಮ್ ಪಟ್ಟಿ ಸುಮಾರು 31 ಮಿ.ಮೀ. ಎತ್ತರವಿದ್ದು ಅಲ್ಲಿ ಹೇಗೋ ಹಿಡಿಸುತ್ತದೆ. ಬಣ್ಣದ ದೀಪ ಮತ್ತು ಲೋಹದ ಕವಚವಿರುವ ಪಟ್ಟಿಗಳು ಅನೇಕ ವೇಳೆ 40 ಮಿ.ಮೀ. ದಾಟಿರುತ್ತವೆ. ನಿಮ್ಮದು 42 ಮಿ.ಮೀ. ಎಂದಿಟ್ಟುಕೊಳ್ಳಿ. ಆಗ ಫ್ಯಾನನ್ನು ಹತ್ತು ಮಿ.ಮೀ. ಮೇಲಕ್ಕೆ ಸರಿಸಿ ಸಿಕ್ಕಿಸಬೇಕಾಗುತ್ತದೆ, ಒಟ್ಟು ಎತ್ತರ 175 ಮಿ.ಮೀ. ಆಗುತ್ತದೆ, ಕ್ಯಾಬಿನೆಟ್ಟಿನ ಗಾಜಿನ ಬಾಗಿಲು ಮುಚ್ಚುವುದಿಲ್ಲ. ಕೂಲರೂ ಹಿಡಿಸುತ್ತದೆ, ರ್‍ಯಾಮೂ ಹಿಡಿಸುತ್ತದೆ, ಆದರೆ ಎರಡೂ ಒಟ್ಟಿಗೆ ಹಿಡಿಸುವುದಿಲ್ಲ ಎಂಬುದು ಡಬ್ಬಿಯ ಮೇಲಿನ ಯಾವ ಒಂದು ಅಂಕಿಯಿಂದಲೂ ಗೊತ್ತಾಗದ ಸಂಗತಿ.

ಇದಕ್ಕೆ ದಾರಿಗಳಿವೆ. ಮುಂದಿನ ಫ್ಯಾನನ್ನು ಬಿಟ್ಟು ಎರಡು ಗೋಪುರಗಳ ನಡುವಿನ ಫ್ಯಾನ್ ಒಂದನ್ನೇ ಇಟ್ಟುಕೊಂಡರೆ ರ್‍ಯಾಮಿಗೆ 64 ಮಿ.ಮೀ. ಜಾಗ ಸಿಗುತ್ತದೆ, ತಾಪಮಾನದಲ್ಲಿ ಆಗುವ ಹೆಚ್ಚಳ ಕೆಲವೇ ಡಿಗ್ರಿ. ಹಿಂಬದಿಯಲ್ಲಿ ಅಡಚಣೆ ಇಲ್ಲದಿದ್ದರೆ ಮುಂದಿನ ಫ್ಯಾನನ್ನು ಎರಡನೆಯ ಗೋಪುರದ ಹಿಂದಕ್ಕೂ ಸಿಕ್ಕಿಸಬಹುದು. ಇನ್ನೂ ಏನೂ ಕೊಳ್ಳದವರಿಗೆ ನನ್ನ ಸಲಹೆ ಒಂದೇ: ದೀಪದ ಆಸೆ ಬಿಟ್ಟು ಗಿಡ್ಡನೆಯ ರ್‍ಯಾಮ್ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಂಗಡಿಗೆ ಹೋಗಿ ಕೊಳ್ಳುವವರು ಕೂಲರಿನ ಎತ್ತರ, ಕ್ಯಾಬಿನೆಟ್ಟಿಗೆ ಹಿಡಿಸುವ ಎತ್ತರ, ಮುಂದಿನ ಫ್ಯಾನಿನ ಕೆಳಗೆ ಉಳಿಯುವ ಜಾಗ, ಈ ಮೂರನ್ನು ಬರೆದ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಲಿ. ಚಿಕ್ಕ ಗಾತ್ರದ ಮದರ್‌ಬೋರ್ಡ್ ಇರುವವರು ಇನ್ನೊಂದನ್ನೂ ನೋಡಬೇಕು. ಇಷ್ಟು ಅಗಲದ ಕೂಲರ್ ಕೆಲವು ಬೋರ್ಡುಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರುವ ಮೊದಲ ಸ್ಲಾಟಿನ ಮೇಲೂ ಚಾಚುತ್ತದೆ.

ಹಳೆಯ ಕೂಲರ್ ತೆಗೆಯುವಾಗ

ಹೊಸದಾಗಿ ಜೋಡಿಸುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಹಳೆಯ ಯಂತ್ರವಾದರೆ ಮೊದಲು ಹತ್ತು ನಿಮಿಷ ಅದನ್ನು ಓಡಿಸಿ, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ್ದು ಈಗ ಗಟ್ಟಿಯಾಗಿರುವ ಥರ್ಮಲ್ ಪೇಸ್ಟ್ ಬೆಚ್ಚಗಾಗಿ ಮೆದುವಾಗುತ್ತದೆ. ಬಳಿಕ ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಇಳಿಯಲೆಂದು ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿದರೆ ಮೈಯ ಸ್ಥಿರ ವಿದ್ಯುತ್ತೂ ಹೋಗುತ್ತದೆ.

ಕೂಲರಿನ ಸ್ಕ್ರೂ ಸಡಿಲಿಸಿದ ಮೇಲೆ ಅದನ್ನು ನೇರವಾಗಿ ಮೇಲಕ್ಕೆ ಎಳೆಯಬೇಡಿ. ನೆರೆಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಹಾಗೆ ಎಳೆದು, ಕೈಯಲ್ಲಿ ಕೂಲರ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದಿದ್ದ. ಎಎಂಡಿಯ ಹಿಂದಿನ ಪೀಳಿಗೆಯ ಎಎಂ4 ಪ್ರೊಸೆಸರ್ ಅದರ ಅಡಿಗೆ ಅಂಟಿಕೊಂಡೇ, ಪ್ರೊಸೆಸರ್ ಕೂರುವ ಗೂಡಾದ ಸಾಕೆಟ್ಟಿನಿಂದ ಕಿತ್ತು ಬಂದಿತ್ತು. ಆ ಪ್ರೊಸೆಸರಿನ ಅಡಿಯಲ್ಲಿ ಕೂದಲೆಳೆಯಂಥ 1,331 ಪಿನ್ನುಗಳಿರುತ್ತವೆ. ಮೂಲೆಯ ಸಾಲಿನಲ್ಲಿ ನಾಲ್ಕು ಒಂದೇ ಕಡೆಗೆ ಮಲಗಿದ್ದವು. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚನ್ನು ಸಾಲುಗಳ ನಡುವೆ ಇಳಿಸಿ, ಭೂತಗನ್ನಡಿಯಲ್ಲಿ ನೋಡುತ್ತಾ ಒಂದೊಂದನ್ನೇ ಎಬ್ಬಿಸಲು ಅರ್ಧ ಸಂಜೆ ಹಿಡಿಯಿತು. ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ತಿರುಗಿಸಿ, ಅಂಟು ಬಿಟ್ಟಿತೆಂದು ಕೈಗೆ ತಿಳಿದ ಮೇಲೆ ಎತ್ತಿದರೆ ಈ ಪಾಡಿಲ್ಲ. 2022ರಲ್ಲಿ ಬಂದ ಎಎಂಡಿಯ ಎಎಂ5 ಸಾಕೆಟ್ಟಿನಲ್ಲೂ ಇಂಟೆಲ್‌ನ ಎಲ್‌ಜಿಎ1700ರಲ್ಲೂ ಪ್ರೊಸೆಸರನ್ನು ಲೋಹದ ಚೌಕಟ್ಟು ಅದುಮಿ ಹಿಡಿದಿರುವುದರಿಂದ ಅದು ಹೀಗೆ ಕಿತ್ತು ಬರುವ ಭಯವಿಲ್ಲ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿದ, ನಾರು ಉದುರದ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕೂರಿಸುವ ಕ್ರಮ

ಕೂಲರ್ ಕೂತ ಮೇಲೆ ಅದರ ನೆರಳಿನಲ್ಲಿ ಕೈ ಆಡುವುದಿಲ್ಲ. ಆದ್ದರಿಂದ ರ್‍ಯಾಮ್, ಪ್ರೊಸೆಸರಿನ ಹತ್ತಿರದ ಎಂ.2 ಎಸ್‌ಎಸ್‌ಡಿ, ಮತ್ತು ಮದರ್‌ಬೋರ್ಡಿನ ಮೇಲಿನ ಎಡ ಮೂಲೆಗೆ ವಿದ್ಯುತ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಬರುವ ಎಂಟು ಪಿನ್ನಿನ ವಿದ್ಯುತ್ ಕೇಬಲ್, ಈ ಮೂರನ್ನು ಮೊದಲೇ ಜೋಡಿಸಿಬಿಡಿ. ಎರಡೇ ರ್‍ಯಾಮ್ ಪಟ್ಟಿಗಳಿದ್ದು ನಾಲ್ಕು ಸ್ಲಾಟುಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕು.

ಈಗ ಕೂಲರನ್ನು ಬೋರ್ಡಿಗೆ ಹಿಡಿದಿಡುವ ಬ್ರಾಕೆಟ್. ಎಎಂಡಿ ಬೋರ್ಡಿನಲ್ಲಿ ಸಾಕೆಟ್ಟಿನ ಎರಡು ಬದಿಯ ಪ್ಲಾಸ್ಟಿಕ್ ಹಿಡಿಗಳನ್ನು ನಾಲ್ಕು ಸ್ಕ್ರೂ ಬಿಚ್ಚಿ ತೆಗೆದು, ಆ ಜಾಗದಲ್ಲಿ ಕೂಲರಿನ ಜತೆ ಬಂದ ಪ್ಲಾಸ್ಟಿಕ್ ಬಳೆಗಳನ್ನೂ ಅವುಗಳ ಮೇಲೆ ಲೋಹದ ಪಟ್ಟಿಗಳನ್ನೂ ಕೂರಿಸಬೇಕು. ಬೋರ್ಡಿನ ಹಿಂದಿರುವ ಲೋಹದ ಫಲಕವನ್ನು ತೆಗೆಯಬಾರದು, ಪಟ್ಟಿಗಳ ಸ್ಕ್ರೂ ಕಚ್ಚುವುದು ಅದಕ್ಕೇ. ಎಎಂ4ನಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದೊಡನೆ ಅದು ಕಳಚಿ ಬೀಳುವುದರಿಂದ ಹಿಂದಿನಿಂದ ಕೈಕೊಟ್ಟು ಹಿಡಿದುಕೊಂಡಿರಿ. ಎಎಂ5ನಲ್ಲಿ ಅದು ಸಾಕೆಟ್ಟಿಗೇ ಬಿಗಿದಿರುತ್ತದೆ. ಇಂಟೆಲ್ ಬೋರ್ಡಿಗೆ ಕೂಲರಿನ ಡಬ್ಬಿಯಲ್ಲಿರುವ ಫಲಕವನ್ನು ಹಿಂದಿನಿಂದ ಹಚ್ಚಬೇಕು. ಎಲ್‌ಜಿಎ1700ರ ರಂಧ್ರಗಳ ಅಂತರ ಅದಕ್ಕಿಂತ ಹಿಂದಿನ ಎಲ್‌ಜಿಎ1200ಕ್ಕಿಂತ ಮೂರು ಮಿ.ಮೀ. ಹೆಚ್ಚು. ಹಾಗಾಗಿ ಹಳೆಯ ಕೂಲರನ್ನು ಹೊಸ ಬೋರ್ಡಿಗೆ ಬಳಸುವವರು ಅದಕ್ಕೆ ಹೊಂದುವ ಕಿಟ್ ತರಿಸಿಕೊಳ್ಳಬೇಕು.

ಕ್ಯಾಬಿನೆಟ್ಟನ್ನು ಮಗ್ಗುಲಿಗೆ ಮಲಗಿಸಿ, ಮದರ್‌ಬೋರ್ಡ್ ಮೇಲ್ಮುಖವಾಗಿರಲಿ. ನಿಂತ ಕ್ಯಾಬಿನೆಟ್ಟಿಗೆ ಒಂದು ಕಿಲೋ ಮೀರಿದ ಲೋಹವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಸ್ಕ್ರೂ ತಿರುಗಿಸುವ ಸಾಹಸ ಬೇಡವೇ ಬೇಡ. ಪ್ರೊಸೆಸರಿನ ನಡುಮಧ್ಯಕ್ಕೆ ದಪ್ಪ ಹೆಸರುಕಾಳಿನಷ್ಟು ಥರ್ಮಲ್ ಪೇಸ್ಟ್ ಇಡಿ. ಬೆರಳಿನಿಂದ ಸವರುವ ಅಗತ್ಯವಿಲ್ಲ, ಕೂಲರನ್ನು ಬಿಗಿಯುವಾಗಿನ ಒತ್ತಡವೇ ಅದನ್ನು ಹರಡುತ್ತದೆ. ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ತಗ್ಗುಗಳಲ್ಲಿ ನಿಲ್ಲುವ ಗಾಳಿಯನ್ನು ಹೊರಹಾಕುವುದಷ್ಟೇ ಅದರ ಕೆಲಸ. ಹೆಚ್ಚು ಹಾಕಿದರೆ ತಂಪು ಹೆಚ್ಚುವುದಿಲ್ಲ, ಅಂಚು ಮೀರಿ ಚೆಲ್ಲುತ್ತದೆ. ಎಎಂ5 ಪ್ರೊಸೆಸರಿನ ಅಂಚಿನಲ್ಲಿ ಕಚ್ಚುಗಳಿರುವುದರಿಂದ ಅಲ್ಲಿ ಸೇರಿದ ಪೇಸ್ಟನ್ನು ತೆಗೆಯುವುದು ತುಂಬಾ ಬೇಸರದ ಕೆಲಸ.

ಕೂಲರಿನ ತಳಕ್ಕೆ ಅಂಟಿಸಿದ ಹಾಳೆಯನ್ನೋ ಪ್ಲಾಸ್ಟಿಕ್ ಮುಚ್ಚಳವನ್ನೋ ತೆಗೆದಿರಾ ಎಂದು ಈಗ ಮತ್ತೊಮ್ಮೆ ತಿರುಗಿಸಿ ನೋಡಿ. ನಡುವಿನ ಫ್ಯಾನ್ ಕಳಚಿಟ್ಟರೆ ಸ್ಕ್ರೂಗಳಿಗೆ ದಾರಿ ಸಿಗುತ್ತದೆ. ಕೂಲರನ್ನು ಪ್ರೊಸೆಸರಿನ ಮೇಲೆ ನೇರವಾಗಿ ಇಳಿಸಿ, ಒಂದು ಬದಿಯ ಸ್ಕ್ರೂವನ್ನು ಎರಡು ಸುತ್ತು, ಆಮೇಲೆ ಇನ್ನೊಂದು ಬದಿಯದನ್ನು ಎರಡು ಸುತ್ತು, ಹೀಗೆ ಸರದಿಯಲ್ಲಿ ಬಿಗಿಯುತ್ತಾ ಹೋಗಿ. ಒಂದೇ ಕಡೆ ಪೂರ್ತಿ ಬಿಗಿದರೆ ತಳ ಓರೆಯಾಗಿ, ಎದುರು ಬದಿಯ ಎಳೆ ಸ್ಕ್ರೂವಿಗೆ ಎಟುಕುವುದೇ ಇಲ್ಲ. ಸ್ಪ್ರಿಂಗ್ ಅದುಮಿಕೊಂಡು ಸ್ಕ್ರೂ ತಾನಾಗಿ ನಿಲ್ಲುವ ಒಂದು ಹಂತ ಬರುತ್ತದೆ. ಅಲ್ಲಿಗೆ ಕೈ ನಿಲ್ಲಿಸಿ.

ಫ್ಯಾನುಗಳನ್ನು ತಂತಿಯ ಕೊಕ್ಕೆಗಳಿಂದ ಗೋಪುರಕ್ಕೆ ಸಿಕ್ಕಿಸುವಾಗ ದಿಕ್ಕು ತಪ್ಪಬಾರದು. ಫ್ಯಾನಿನ ಬಿಚ್ಚು ಮುಖದಿಂದ ಗಾಳಿ ಒಳಬಂದು, ಅಡ್ಡಕಡ್ಡಿಗಳಿರುವ ಮುಖದಿಂದ ಹೊರಹೋಗುತ್ತದೆ. ಗಾಳಿ ಕ್ಯಾಬಿನೆಟ್ಟಿನ ಮುಂಭಾಗದಿಂದ ಹಿಂಭಾಗಕ್ಕೆ ಸಾಗಬೇಕು, ಎರಡೂ ಫ್ಯಾನುಗಳು ಒಂದೇ ಕಡೆಗೆ ಬೀಸಬೇಕು. ಜತೆಗೆ ಬಂದ ಕವಲು ಕೇಬಲ್ ಬಳಸಿ ಎರಡನ್ನೂ ಸಿಪಿಯು ಫ್ಯಾನ್ ಎಂದು ಬರೆದಿರುವ ನಾಲ್ಕು ಪಿನ್ನಿನ ಜಾಗಕ್ಕೆ ಹಾಕಿ. ಕವಲು ಕೇಬಲ್ಲಿನಲ್ಲಿ ಒಂದೇ ಫ್ಯಾನಿನ ವೇಗ ಪರದೆಯಲ್ಲಿ ಕಾಣುವುದರಿಂದ ಇನ್ನೊಂದು ತಿರುಗುತ್ತಿದೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಗ್ರಾಫಿಕ್ಸ್ ಕಾರ್ಡನ್ನು ಕೊನೆಯಲ್ಲಿ ಹಾಕಿ.

ಚಾಲೂ ಮಾಡಿದ ಮೇಲೆ

ಮೊದಲು ಬಯೋಸ್ ಪರದೆಯಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ಫ್ಯಾನಿನ ವೇಗವನ್ನೂ ಪ್ರೊಸೆಸರಿನ ತಾಪಮಾನವನ್ನೂ ನೋಡಿ. ಸುಮ್ಮನೆ ಕುಳಿತ ಯಂತ್ರದ ತಾಪ ನಿಮಿಷದೊಳಗೆ 80 ದಾಟಿ ಏರುತ್ತಲೇ ಇದ್ದರೆ ಕೂಡಲೇ ಬಂದ್ ಮಾಡಿ. ತಳದ ಹಾಳೆ ಉಳಿದಿರಬಹುದು ಅಥವಾ ಒಂದು ಬದಿಯ ಸ್ಕ್ರೂ ಎಳೆ ಹಿಡಿದಿರಲಿಕ್ಕಿಲ್ಲ. ಎಲ್ಲವೂ ಸರಿಯಿದ್ದರೆ ಹತ್ತು ನಿಮಿಷ ಭಾರೀ ಕೆಲಸ ಕೊಟ್ಟು ಪರೀಕ್ಷಿಸಿ. ರೈಜನ್ 7000 ಸಾಲಿನ ಎಕ್ಸ್ ಪ್ರೊಸೆಸರುಗಳು 95 ಡಿಗ್ರಿವರೆಗೆ ಏರುವಂತೆಯೇ ರೂಪಿಸಿದವು, ಆದ್ದರಿಂದ ಪೂರ್ತಿ ಹೊರೆಯಲ್ಲಿ 85 ಕಂಡರೆ ಗಾಬರಿ ಬೇಡ.

ಯಾವ ಏರ್ ಕೂಲರೂ ಕೋಣೆಯ ಗಾಳಿಗಿಂತ ಹೆಚ್ಚು ತಂಪು ಮಾಡಲಾರದು. ಕೋಣೆಯ ತಾಪ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮಡಿಕೇರಿಯಲ್ಲಿ ಕುಳಿತವರ ಅಂಕಿಯನ್ನು ಬೇಸಿಗೆಯ ರಾಯಚೂರಿನವರು ತಮ್ಮದರ ಜತೆ ಹೋಲಿಸಿಕೊಂಡು ಕೂಲರಿನಲ್ಲಿ ತಪ್ಪು ಹುಡುಕಬಾರದು. ಧೂಳು ಹೆಚ್ಚಿರುವ ಊರುಗಳಲ್ಲಿ ಮೂರು ತಿಂಗಳಿಗೊಮ್ಮೆ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ತಡೆದು ಹಿಡಿದು, ತಗಡುಗಳ ನಡುವೆ ಬ್ಲೋವರಿನಿಂದ ಗಾಳಿ ಊದಿದರೆ ಸಾಕು.

ಮನೆ ಬದಲಿಸುವಾಗ ಕಂಪ್ಯೂಟರನ್ನು ಲಾರಿಗೋ ಕೊರಿಯರಿಗೋ ಹಾಕುವುದಾದರೆ ಕೂಲರನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ಕಳಿಸಿ. ಸ್ವಂತ ಕಾರಿನಲ್ಲಾದರೆ ಕ್ಯಾಬಿನೆಟ್ಟನ್ನು ಮಲಗಿಸಿ, ಕೂಲರ್ ಆಕಾಶ ನೋಡುವಂತೆ ಸೀಟಿನ ಮೇಲಿಟ್ಟು ಬೆಲ್ಟ್ ಹಾಕಿ. ಮತ್ತೆ ಕೂರಿಸುವಾಗ ಹಳೆಯ ಪೇಸ್ಟನ್ನೇ ಬಳಸದೆ, ಒರೆಸಿ ಹೊಸದನ್ನು ಇಡಿ.