ಹಾಸನದ ಸುತ್ತ ಓಟ, ಸೈಕಲ್: ಗಾಳಿ ನೋಡಿ ದಾರಿ ಹಿಡಿಯಿರಿ

ಹಾಸನದಲ್ಲಿ ಎಲ್ಲಿ ಓಡೋದು, ಎಲ್ಲಿ ಸೈಕಲ್ ತುಳಿಯೋದು ಅಂತ ಕೇಳಿದವರಿಗೆ ನಾನು ದೇವಸ್ಥಾನಗಳ ಹೆಸರು ಹೇಳುತ್ತೇನೆ. ಭಕ್ತಿಗಲ್ಲ, ದೂರದ ಲೆಕ್ಕಕ್ಕೆ. ಹೊಯ್ಸಳರ ಕಾಲದ ಗುಡಿಗಳು ಊರಿನ ಸುತ್ತ ಹೇಗಿವೆ ಅಂದ್ರೆ, ಇವತ್ತು ಎಷ್ಟು ದೂರ ಬೇಕೋ ಅಷ್ಟಕ್ಕೆ ಒಂದು ವಾಪಸ್ ತಿರುಗುವ ಜಾಗ ಸಿಗುತ್ತದೆ. ಅರಸೀಕೆರೆ ರಸ್ತೆ ಕಡೆಯ ಕೋರವಂಗಲ ಸುಮಾರು 10 ಕಿಲೋಮೀಟರ್. ಓಡಿ ಹೋಗಿ ಬಂದರೆ ಹಾಫ್ ಮ್ಯಾರಥಾನ್‌ಗೆ ಹತ್ತಿರ ಹತ್ತಿರ ಆಯ್ತು. ಹೊಳೆನರಸೀಪುರದ ಕಡೆ ಹೋದರೆ ಮೊಸಳೆಯ ಜೋಡಿ ಗುಡಿಗಳು. ಬೇಲೂರು ರಸ್ತೆಯಿಂದ ಒಳಗೆ ತಿರುಗಿದರೆ 1114ರ ದೊಡ್ಡಗದ್ದವಳ್ಳಿ, ಪಕ್ಕದಲ್ಲೇ ಕೆರೆ. ಬಿ.ಎಂ. ರೋಡ್, ಅಂದ್ರೆ ಬೆಂಗಳೂರು-ಮಂಗಳೂರು ರಸ್ತೆ ಮಾತ್ರ ನನಗೆ ಬೇಡ. ಲಾರಿ ಪಕ್ಕದಲ್ಲಿ ಹೋಗೋ ಖುಷಿ ಯಾರಿಗೆ ಬೇಕು?

ವಾರದ ದಿನ ವೇಗದ ಓಟಕ್ಕೆ ಜಿಲ್ಲಾ ಕ್ರೀಡಾಂಗಣ ಸಾಕು. ಹಾಸನಾಂಬೆಯ ಬಾಗಿಲು ತೆಗೆದಿರುವ ದಿನಗಳಲ್ಲಿ ಊರೊಳಗೆ ಓಡುವ ಆಸೆ ಬಿಡಿ.

ಸೈಕಲ್‌ಗೆ ನನ್ನ ಮೆಚ್ಚಿನ ಸುತ್ತು ಹಾಸನ, ಬೇಲೂರು, ಹಳೇಬೀಡು, ಮತ್ತೆ ಹಾಸನ. ಒಟ್ಟು 85 ಕಿಲೋಮೀಟರ್ ಆಸುಪಾಸು. ಇದನ್ನು ಯಾವ ಕಡೆಯಿಂದ ಶುರು ಮಾಡ್ತೀರಿ ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಜೂನ್, ಜುಲೈನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಹಾಗಾಗಿ ಕಾಲಲ್ಲಿ ಕಸುವು ಇರುವಾಗಲೇ ಮೊದಲು ಬೇಲೂರಿಗೆ ಎದುರುಗಾಳಿಯಲ್ಲಿ ತುಳಿದುಬಿಡಿ, ಅಲ್ಲಿಂದ ಹಳೇಬೀಡಿಗೆ 16 ಕಿಲೋಮೀಟರ್, ಆಮೇಲೆ ಮನೆವರೆಗೂ ಗಾಳಿಯೇ ಬೆನ್ನು ತಳ್ಳುತ್ತದೆ. ಚಳಿಗಾಲದಲ್ಲಿ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ, ಆಗ ಹಳೇಬೀಡೇ ಮೊದಲು. ಎತ್ತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಘಾಟಿ ಒಂದೂ ಇಲ್ಲ, ಆದರೆ ಏರು ಇಳಿತ ಮಾತ್ರ ಮುಗಿಯೋದೇ ಇಲ್ಲ.

ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಯೇ ಕಣ. ರಾಗಿ, ಹುರುಳಿ ಹರಡಿ, ಸುತ್ತ ಕಲ್ಲು ಇಟ್ಟಿರುತ್ತಾರೆ. ಕಾರಿಗೆ ಅದು ಏನೂ ಅಲ್ಲ. ಸೈಕಲ್‌ಗೆ ಹಾಗಲ್ಲ. ಹುರುಳಿ ಬಳ್ಳಿ ಗೇರ್ ಬದಲಿಸುವ ಹಿಂದಿನ ಡಿರೈಲರ್‌ನ ಪುಟ್ಟ ಗಾಲಿಗಳಿಗೆ ಸುತ್ತಿಕೊಂಡು, ಚೈನು ಬಿಗಿದು, ಪೆಡಲ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಕೂತು ಒಂದೊಂದೇ ಎಳೆ ಬಿಡಿಸಬೇಕು, ಕೈಯೆಲ್ಲ ಗ್ರೀಸ್. ಅದಕ್ಕೇ ನಾನು ಇಳಿದು, ಸೈಕಲ್ ಎತ್ತಿಕೊಂಡು ದಾಟುತ್ತೇನೆ. ರೈತರ ಮೇಲೆ ರೇಗುವುದು ಬೇಡ. ಕಣ ಮಾಡೋಕೆ ಅವರಿಗೂ ಜಾಗ ಬೇಕಲ್ವಾ? "ಯಾವೂರಣ್ಣ ನಿಮ್ದು?" ಅಂತ ಕೇಳಿ, ಕೆಲವರು ನೀರೂ ಕೊಡುತ್ತಾರೆ.

ಮಳೆ ಮುಗಿಯುವ ಹೊತ್ತಿಗೆ ಶೆಟ್ಟಿಹಳ್ಳಿ ಚರ್ಚ್ ಕಡೆ ಹೋಗಿ. ಗೊರೂರು ಅಣೆಕಟ್ಟೆಯ ಹಿನ್ನೀರು ತುಂಬಿದ್ದರೆ ಚರ್ಚಿನ ಗೋಡೆ ಅರ್ಧ ನೀರೊಳಗೆ ಇರುತ್ತದೆ. ಬೇಸಿಗೆಯಲ್ಲಾದರೆ ಗೋಡೆ ಬುಡದವರೆಗೂ ನಡೆದೇ ಹೋಗಬಹುದು.

ಸ್ಪರ್ಧೆ ವಿಷಯಕ್ಕೆ ಬಂದರೆ ನನ್ನ ಒಲವು ಬ್ರೆವೆ ಕಡೆ, ಅಂದ್ರೆ ಗಡುವು ಇಟ್ಟ ದೂರದ ಸೈಕಲ್ ಸವಾರಿ. ಅದು ರೇಸ್ ಅಲ್ಲ, ಮೊದಲನೇ ಸ್ಥಾನ ಅಂತ ಇಲ್ಲ. 200 ಕಿಲೋಮೀಟರ್‌ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, ಅಷ್ಟರೊಳಗೆ ಮುಗಿಸಬೇಕು, ಅಷ್ಟೇ. ಬೇಲೂರು ಸುತ್ತನ್ನು ಬೆಳಿಗ್ಗೆ ಮುಗಿಸಿ ಮಧ್ಯಾಹ್ನ ಮಾಮೂಲಾಗಿ ಓಡಾಡುವ ಹಾಗಾದರೆ 200ಕ್ಕೆ ಧೈರ್ಯವಾಗಿ ಹೆಸರು ಕೊಡಿ. ಏರು ಅಭ್ಯಾಸ ಬೇಕಾದರೆ ಚಿಕ್ಕಮಗಳೂರಿಗೆ ಹೋಗಿ ಮುಳ್ಳಯ್ಯನಗಿರಿ ಹತ್ತಿ. 1,930 ಮೀಟರ್ ಶಿಖರ, ದಾರಿಯಲ್ಲಿ ಸಿಗುವ ಕೈಮರ ದಾಟಿದ ಮೇಲೆ ಏರು ಅಂದ್ರೆ ಏನು ಅಂತ ಗೊತ್ತಾಗುತ್ತದೆ. ಶನಿವಾರ, ಭಾನುವಾರ ಬೇಡ. ಟ್ಯಾಕ್ಸಿ, ಜೀಪುಗಳ ಸಾಲಲ್ಲಿ ಸಿಕ್ಕಿಕೊಳ್ಳುತ್ತೀರಿ.

ಇನ್ನೊಂದು. ಸಪೂರ ಪ್ರೆಸ್ಟಾ ವಾಲ್ವ್ ಇರುವ ಸೈಕಲ್ ಆದರೆ, ಹಳ್ಳಿ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರೋದಿಲ್ಲ. ಅದಕ್ಕೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ. ವಾಲ್ವ್ ಮೇಲೇ ತಿರುಗಿಸಿ ಬಿಟ್ಟಿರಿ, ಜೇಬಲ್ಲಿಟ್ಟರೆ ಕಳೆದುಹೋಗುತ್ತದೆ.