ಭದ್ರತಾ ಮಂಡಳಿಯನ್ನು ಕನ್ನಡದಲ್ಲಿ ಆಡಿಸಿದೆ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಣಕು ಸಭೆ, ಅಂದರೆ ಹುಡುಗರೇ ಒಂದೊಂದು ದೇಶವಾಗಿ ಕೂತು ವಾದಿಸಿ ಮತ ಹಾಕುವ ಆಟ, ಕನ್ನಡದಲ್ಲಿ ಆಗುವ ಮಾತಲ್ಲ ಅಂತ ಬೆಂಗಳೂರಿನ ನಮ್ಮ ಮೇಷ್ಟ್ರುಗಳೇ ನಕ್ಕಿದ್ದರು. ಆಯಿತು ನೋಡಿ. ಬಸವನಗುಡಿಯಲ್ಲಿ, ನಾಲ್ಕನೇ ಸಲಕ್ಕೆ.

ಮೊದಲ ಸಲ ನಾನೇ ಒಂದು ಯುದ್ಧ ಕಟ್ಟಿ ಕೊಟ್ಟೆ. ಹತ್ತೇ ನಿಮಿಷಕ್ಕೆ ಚೀನಾ ಆಗಿದ್ದ ಹುಡುಗ ವೀಟೊ (ಐದು ಕಾಯಂ ದೇಶಗಳಲ್ಲಿ ಒಂದು ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ) ಹಾಕಿ ಬೋಂಡಾ ತಿನ್ನಲು ಹೋದ. ಹಾಲ್ ಬಾಡಿಗೆ ಸುಮಾರು ಆರು ಸಾವಿರ ನೀರಿಗೆ ಹೋಯಿತು. ಎರಡನೇ ಸಲಕ್ಕೆ ಸುಲ್ತಾನ್‌ಪೇಟೆಯಲ್ಲಿ ದೇಶದ ಹೆಸರಿನ ಕಾರ್ಡು ಪ್ರಿಂಟ್ ಹಾಕಿಸಿದೆ, ಮತ್ತೆ ಎರಡೂವರೆ ಸಾವಿರ. ಇಂಗ್ಲಿಷ್ ಚೆನ್ನಾಗಿ ಬರುವ ಮೂವರು ಭಾಷಣ ಹೊಡೆದರು, ಉಳಿದವರು ಮೊಬೈಲ್ ನೋಡಿದರು. ಮೂರನೇ ಸಲ, ಏನಾಗುತ್ತೋ ನೋಡೋಣ ಅಂತ ವೀಟೊವನ್ನೇ ತೆಗೆದೆ. 15ರಲ್ಲಿ 9 ಕೈ ಎದ್ದರೆ ಸಾಕು. ಅರ್ಧ ಗಂಟೆಯಲ್ಲಿ ಮೂರು ಯುದ್ಧಕ್ಕೆ ಒಪ್ಪಿಗೆ ಸಿಕ್ಕಿತು!

ಆಮೇಲೆ ನಿಜವಾಗಿ ನಡೆದದ್ದನ್ನೇ ಹಿಡಿದೆ. ಕುವೈತ್, ನವೆಂಬರ್ 1990, ನಿರ್ಣಯ 678: ಕುವೈತನ್ನು ಆಕ್ರಮಿಸಿದ್ದ ಇರಾಕನ್ನು ಹೊರದೂಡಲು ಬಲ ಬಳಸಲು ಒಪ್ಪಿಗೆ ಕೊಟ್ಟದ್ದು. ಕರಡನ್ನು ನಾನೇ ಕನ್ನಡಕ್ಕೆ ತಂದೆ. ಅದರಲ್ಲಿ ಯುದ್ಧ ಅನ್ನುವ ಪದವೇ ಇಲ್ಲ; 'ಅಗತ್ಯವಾದ ಎಲ್ಲ ಮಾರ್ಗ' ಅಷ್ಟೇ. ಇಂಗ್ಲಿಷ್‌ನಲ್ಲಿ ಓದಿಸಿದಾಗ ಎಲ್ಲರೂ ತಲೆ ಆಡಿಸಿದ್ದರು. ಕನ್ನಡದಲ್ಲಿ ಓದಿದ್ದೇ ತಡ, ಫಿನ್‌ಲ್ಯಾಂಡ್ ಆಗಿದ್ದ ಹುಡುಗಿ ಎದ್ದಳು. "ಎಲ್ಲ ಅಂದ್ರೆ ಏನೇನು ಸರ್? ಬಾಂಬೂ ಸೇರುತ್ತಾ? ಸಾಕು ಅನ್ನೋರು ಯಾರು?" ಆ ಒಂದು ಪದದ ಮೇಲೆ ಒಂದೂವರೆ ಗಂಟೆ ಜಗಳ. ನಾನು ಬಾಯಿ ಬಿಡಲಿಲ್ಲ.

ಪ್ರತಿ ದೇಶಕ್ಕೂ ಅದರ ಲಾಭ-ನಷ್ಟ ಬರೆದ ಒಂದು ಚೀಟಿ ಕೊಟ್ಟಿದ್ದೆ. ಯೆಮನ್ ಚೀಟಿಯಲ್ಲಿ ಅಮೆರಿಕದ ನೆರವು, ಸುಮಾರು 7 ಕೋಟಿ ಡಾಲರ್. ನಿರ್ಣಯ ಬೇಡ ಅಂದದ್ದಕ್ಕೆ ಆಗ ನಿಜವಾಗಿಯೂ ಅದು ಕೈತಪ್ಪಿತ್ತು. ನಮ್ಮ ಯೆಮನ್ ಹುಡುಗ ಚೀಟಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ಮೂಲೆ ಹರಿದೇ ಹಾಕಿದ. ಕೊನೆಗೆ ತಟಸ್ಥ ಅಂದ. ಅಸಲಿ ಮತದಾನದಲ್ಲಿ ಪರ 12, ವಿರುದ್ಧ ಕ್ಯೂಬಾ ಮತ್ತು ಯೆಮನ್, ಚೀನಾ ತಟಸ್ಥ. ನಮ್ಮದು 10, 1, 4. ಪರವಾಗಿಲ್ಲ ಅಲ್ವಾ? ಈ ಸಲ ಚೀನಾ ಬೋಂಡಾಕ್ಕೆ ಹೋಗಲಿಲ್ಲ. ಅದರ ಚೀಟಿಯಲ್ಲಿ ಏನು ಬರೆದಿದ್ದೆ ಅಂತ ಮಾತ್ರ ಕೇಳಬೇಡಿ.

ಖರ್ಚಾದದ್ದು ಜಾಸ್ತಿಯೆಲ್ಲ ಬಾಡಿಗೆಗೇ. ಮುಂದಿನದು 1950ರ ಕೊರಿಯಾ ಯುದ್ಧ. ಆಗ ಚೀನಾ ಕುರ್ಚಿಯಲ್ಲಿ ಯಾವ ಸರ್ಕಾರ ಕೂರಬೇಕು ಅನ್ನುವ ಜಗಳಕ್ಕೆ ಸೋವಿಯತ್ತಿನವರು ಸಭೆಗೇ ಬರುತ್ತಿರಲಿಲ್ಲ, ಹಾಗಾಗಿ ಅವರ ವೀಟೊವೂ ಇರಲಿಲ್ಲ. ಸೋವಿಯತ್ ಆಗುವ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ: "ನೀನು ಆಚೆ ಕಾಫಿ ಕುಡೀತಾ ಇರು, ಏನೇ ಕೂಗಾಟ ಕೇಳಿದ್ರೂ ಒಳಗೆ ಬರಬೇಡ."