ಮ್ಯೂಸಿಯಂ ಬಿಟ್ಟು ಬಂದ ಹಳೆಯ ಕಾರು: ಹ್ಯಾಂಡಲ್ ಹೊಡೆಯುವ ಮುನ್ನ

ಮ್ಯೂಸಿಯಂನಲ್ಲಿ ಇಪ್ಪತ್ತು ವರ್ಷ ನಿಂತ ಕಾರಿಗಿಂತ ಕೊಟ್ಟಿಗೆಯಲ್ಲಿ ಧೂಳು ತಿಂದ ಕಾರೇ ವಾಸಿ. ಅದರ ರೋಗ ಕಣ್ಣಿಗೆ ಬೀಳುತ್ತದೆ, ಇದರದ್ದು ಪಾಲಿಶ್ ಅಡಿಯಲ್ಲಿ ಅಡಗಿರುತ್ತದೆ. ಹಳೆಯ ಸಂಗ್ರಹವೊಂದು ಮಾರಾಟಕ್ಕೆ ಬಂದರೆ ಬಣ್ಣ ನೋಡದೆ ಮೊದಲು ಬಾನೆಟ್ ಎತ್ತಿ. ಪ್ರದರ್ಶನಕ್ಕಿಟ್ಟ ಕಾರಿನಿಂದ ಕಾರ್ಬುರೇಟರ್, ಮ್ಯಾಗ್ನೆಟೊ, ಡೈನಮೊ ಬಿಚ್ಚಿ ಬೇರೆ ಕಾರಿಗೆ ಹಾಕಿರುವುದುಂಟು. ಇಲ್ಲದ್ದನ್ನೆಲ್ಲ ಬರೆದುಕೊಂಡೇ ಬೆಲೆ ಮಾತಾಡಿ. 1930ರ ದಶಕದ ಅನೇಕ ಬಾಡಿಗಳ ತಗಡಿನೊಳಗೆ ಮರದ ಚೌಕಟ್ಟಿರುತ್ತದೆ. ಬಾಗಿಲು ಜೋತುಬಿದ್ದಿದ್ದರೆ ಗೆದ್ದಲಿನ ಅನುಮಾನ ಪಡಿ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರ್ ಮ್ಯೂಸಿಯಂಗೆ ಒಮ್ಮೆ ಹೋಗಿಬನ್ನಿ. ನಿಮ್ಮ ಮಾದರಿಯ ಕಾರು ಅಲ್ಲಿದ್ದರೆ ಯಾವ ಭಾಗ ಎಲ್ಲಿ ಕೂರಬೇಕೆಂದು ಹೊಂದಿಸಿ ನೋಡಬಹುದು.

ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆಯಾಗಬೇಕು. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನ ‘ವಿಂಟೇಜ್’. ಹೊಸ ನೋಂದಣಿಗೆ ₹20,000, 10 ವರ್ಷದ ಅವಧಿ. ‘MY’ ಇಂದ ಶುರುವಾಗುವ ಮೈಸೂರು ರಾಜ್ಯದ ಹಳೆಯ ನಂಬರ್ ಈಗಾಗಲೇ ಇದ್ದರೆ ಅದನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ಅಂಬಾಸಿಡರ್ ಎಂಜಿನ್ ಕೂರಿಸಿ ಓಡಿಸುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ, ಮೂಲ ರೂಪ ಹೋಯಿತೆಂದರೆ ವಿಂಟೇಜ್ ಪಟ್ಟವೂ ಹೋಯಿತು.

ಮನೆಗೆ ಬಂದ ದಿನವೇ ಸ್ಟಾರ್ಟ್ ಮಾಡುವ ಚಪಲ ಎಲ್ಲರಿಗೂ ಇರುತ್ತದೆ. ಎಂಜಿನ್ ಹಾಳಾಗುವುದು ಆ ದಿನವೇ. ಪ್ಲಗ್‌ಗಳನ್ನು ಬಿಚ್ಚಿ, ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ (ಎಟಿಎಫ್) ಮತ್ತು ಅಸಿಟೋನ್ ಸಮ ಬೆರೆಸಿ ಸಿಲಿಂಡರ್‌ಗೆ 15 ಮಿ.ಲೀ.ನಂತೆ ಬಿಟ್ಟು ವಾರ ಕಾಯಿರಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಬೀಡಿ ದೂರವಿರಲಿ. ಆಮೇಲೆ ಟಾಪ್ ಗೇರ್ ಹಾಕಿ, ಕಾರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ. ಜಗ್ಗದಿದ್ದರೆ ಮತ್ತೆ ಎಣ್ಣೆ, ಮತ್ತೆ ವಾರ. ಸ್ಟಾರ್ಟರ್‌ನಿಂದ ಬಲವಂತ ಮಾಡಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ. ತಿರುಗಿದರೂ ವಾಲ್ವ್‌ಗಳ ಮೇಲೆ ಕಣ್ಣಿಡಿ. ಗೋಂದುಗಟ್ಟಿದ ವಾಲ್ವ್ ಮೇಲೇ ನಿಂತಿದ್ದರೆ, ಓವರ್‌ಹೆಡ್ ವಾಲ್ವ್ ಎಂಜಿನ್‌ನಲ್ಲಿ ಅದನ್ನು ತೆರೆಯಿಸುವ ಕಡ್ಡಿ (ಪುಶ್‌ರಾಡ್) ಬಗ್ಗುತ್ತದೆ.

ನಂತರ ಎಂಜಿನ್ ತಳದ ಎಣ್ಣೆ ತೊಟ್ಟಿ, ಅಂದರೆ ಆಯಿಲ್ ಚೇಂಬರ್, ಇಳಿಸಲೇಬೇಕು. ಹಳೆಯ ಎಣ್ಣೆಗೆ ಕಸ ಕರಗಿಸುವ ಗುಣ ಇರಲಿಲ್ಲ, ಕೊಳೆಯೆಲ್ಲ ತಳದಲ್ಲಿ ಕೆಸರಾಗಿ ಕೂತಿರುತ್ತದೆ. ತೆಗೆಯದೆ ಇಂದಿನ 20W-50 ಸುರಿದರೆ ಆ ಕೆಸರು ಸಡಿಲವಾಗಿ ಆಯಿಲ್ ಪಂಪ್‌ನ ಜಾಲರಿ ಕಟ್ಟುತ್ತದೆ, ವೈಟ್ ಮೆಟಲ್ ಎಂಬ ಮೆದು ಲೋಹದ ಬೇರಿಂಗ್ ಒಣಗಿ ಕರಗುತ್ತದೆ. 1930ರ ದಶಕದ ಬ್ರಿಟಿಷ್ ಪುಟ್ಟ ಕಾರು ಮಾರಿಸ್ 8 ಕೈಗೆ ಸಿಕ್ಕಿದ್ದರೆ ಒಂದು ವಿಚಿತ್ರ ತಿಳಿದಿರಲಿ: ಎಂಜಿನ್ ಬೋಲ್ಟ್‌ಗಳ ತಲೆ ವಿಟ್‌ವರ್ತ್ ಎಂಬ ಬ್ರಿಟಿಷ್ ಇಂಚಿನ ಅಳತೆ, ಥ್ರೆಡ್ ಮಾತ್ರ ಮೆಟ್ರಿಕ್. 1923ರಲ್ಲಿ ಮಾರಿಸ್ ಕೊಂಡ ಹಾಚ್‌ಕಿಸ್ ಕಾರ್ಖಾನೆಯ ಫ್ರೆಂಚ್ ಯಂತ್ರಗಳ ಬಳುವಳಿ ಅದು. ಕೈಗೆ ಸಿಕ್ಕ ಬೇರೆ ಬೋಲ್ಟ್ ತಿರುಗಿಸಿದರೆ ಬ್ಲಾಕ್‌ನ ಥ್ರೆಡ್ ಕಿತ್ತುಬರುತ್ತದೆ.

ಕಬ್ಬಿನ ಸೀಮೆಯಲ್ಲಿ ಕೂತು ಎಥನಾಲ್ ಬೈಯಬಾರದು, ಆದರೆ ಈಗಿನ ಶೇ 20 ಎಥನಾಲ್ ಪೆಟ್ರೋಲ್ ಹಳೆಯ ರಬ್ಬರ್ ಪೈಪನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಕೆಲವು ಕಾರ್ಬುರೇಟರ್‌ಗಳಲ್ಲಿ ಪೆಟ್ರೋಲ್ ಮಟ್ಟ ಕಾಯುವ ಕಾರ್ಕ್ ಫ್ಲೋಟ್‌ಗೆ ಅರಗು ಬಳಿದಿರುತ್ತಾರೆ. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅದೇ ಅರಗು ಎಥನಾಲ್‌ನಲ್ಲಿ ಕರಗುತ್ತದೆ. ಫ್ಲೋಟ್ ಪೆಟ್ರೋಲ್ ಕುಡಿದು ಮುಳುಗುತ್ತದೆ, ಕಾರ್ಬುರೇಟರ್ ತುಂಬಿ ಬಿಸಿ ಎಂಜಿನ್ ಮೇಲೆ ಸೋರುತ್ತದೆ. ಅರಗಿನ ಬದಲು ಎಥನಾಲ್ ತಾಳುವ ಎಪಾಕ್ಸಿ ಬಳಿಯಿರಿ, ಪೈಪ್‌ಗಳನ್ನು ಎಥನಾಲ್‌ಗೆ ಹೊಂದುವವಕ್ಕೆ ಬದಲಿಸಿ. ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಎಣ್ಣೆ ಹಾಕಿ, ಜಿಎಲ್-5ರಲ್ಲಿರುವ ಗಂಧಕ ಕಂಚಿನ ಬುಷ್‌ಗಳನ್ನು ಸವೆಸಬಲ್ಲದು.

ಮಾರಿಸ್ 8ಕ್ಕೆ ವಾಟರ್ ಪಂಪ್ ಇಲ್ಲ, ಬಿಸಿನೀರು ತಾನೇ ಮೇಲೇರಿ ಸುತ್ತುತ್ತದೆ. ಸುಣ್ಣ ಕಟ್ಟಿದ ರೇಡಿಯೇಟರ್ ಇದ್ದರೆ ಆ ಸುತ್ತು ನಿಂತೇಹೋಗುತ್ತದೆ. ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಕೆಲವು ಗಂಟೆ ನೆನೆಸಿ, ತಳದಿಂದ ಮೇಲಕ್ಕೆ ತೊಳೆಯಿರಿ. ಹೈಡ್ರಾಲಿಕ್ ಬ್ರೇಕ್ ಇದ್ದರೆ ವೀಲ್ ಸಿಲಿಂಡರ್‌ಗಳ ವಾಷರ್ ಬದಲಿಸಿ, ಒಳಗೋಡೆ ಗುಂಡಿಬಿದ್ದಿದ್ದರೆ ಸಿಲಿಂಡರ್ ಸಹಿತ ಹೊಸದು.

ಮೊದಲ ಸ್ಟಾರ್ಟ್‌ಗೆ ಟ್ಯಾಂಕ್ ಬೇಡ. ಕಾರ್ಬುರೇಟರ್‌ಗಿಂತ ಎತ್ತರಕ್ಕೆ ಲೀಟರ್ ಪೆಟ್ರೋಲ್‌ನ ಡಬ್ಬಿ ಕಟ್ಟಿ, ಪಕ್ಕದಲ್ಲೊಬ್ಬರು ಅಗ್ನಿಶಾಮಕ ಹಿಡಿದು ನಿಲ್ಲಲಿ. ಪ್ಲಗ್ ಇಲ್ಲದೆ ಹ್ಯಾಂಡಲ್ ತಿರುಗಿಸಿ, ಆಯಿಲ್ ಪ್ರೆಶರ್ ಮುಳ್ಳು ಅಲ್ಲಾಡಿದ ಮೇಲೆಯೇ ಪ್ಲಗ್ ಹಾಕಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿರಲಿ, ಸುತ್ತಿ ಹಿಡಿದರೆ ಎಂಜಿನ್ ಹಿಂದಕ್ಕೆ ಒದ್ದಾಗ ಮುರಿಯುತ್ತದೆ. ಓಡಾಟಕ್ಕೆ ಶ್ರೀರಂಗಪಟ್ಟಣದ ಕಡೆಯ ಸಮತಟ್ಟು ರಸ್ತೆ ಸಾಕು, ಚಾಮುಂಡಿ ಬೆಟ್ಟ ಆಮೇಲೆ. ಬಿಸಿಯಾದಾಗ ನಿಂತು, ಆರಿದ ಮೇಲೆ ಹತ್ತಿದರೆ ಇಗ್ನಿಷನ್‌ನ ಕಂಡೆನ್ಸರ್ ಬದಲಿಸಿ. 80 ಕಿ.ಮೀ. ಆದ ಮೇಲೆ ಬಿಸಿಯಿರುವಾಗಲೇ ಎಣ್ಣೆ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ. ಬೇರಿಂಗ್‌ನ ಬೆಳ್ಳಿಯಂಥ ಚೂರು ಮಿನುಗಿದರೆ ಚೇಂಬರ್ ಮತ್ತೆ ಇಳಿಸಬೇಕು.